ಎರಡನೆಯ ಪರಿಶೀಲಕ

“ಇವೆಲ್ಲ ಬದುಕಿವೆ ಅಂತ ಬರೆದಿದ್ರಲ್ಲ ಸ್ವಾಮಿ, ಇವೇನು ಹಾಗಾದ್ರೆ? ಮಲಗಿ ನಿದ್ದೆ ಮಾಡ್ತಿವೆಯಾ?”

ಇನ್ಸ್‌ಪೆಕ್ಟ್ರಮ್ಮ ಫ್ರೀಜರಿನ ಬಾಗಿಲನ್ನು ಮೊಣಕೈಯಿಂದ ಒತ್ತಿ ಹಿಡಿದಿದ್ದರು. ಒಳಗೆ ಪ್ಲಾಸ್ಟಿಕ್ ಚೀಲಗಳು ಒಂದರ ಮೇಲೊಂದು. ಒಂದೊಂದರಲ್ಲೂ ಬಿಳಿ ಇಲಿಗಳು ಮಂಜು ಹಿಡಿದು, ಒಂದರ ಬಾಲ ಇನ್ನೊಂದರ ಮೂತಿಗೆ ಅಂಟಿಕೊಂಡು ಗಟ್ಟಿಯಾಗಿದ್ದವು. ಚೀಲದ ಬಾಯಿಗೆಲ್ಲ ಹಸಿರು ಟೇಪು. ಹಸಿರು ಅಂದರೆ ಮದ್ದು ಹಾಕಿದ ಇಲಿಗಳು ಎಂದು ಎದುರುಗೋಡೆಯ ಮೇಲೆ ಅಂಗೈಯಗಲ ಅಕ್ಷರದಲ್ಲಿ ಬರೆದಿತ್ತು.

ಅವರು ಒಂದು ಚೀಲ ಎತ್ತಿ ಬೆಳಕಿಗೆ ಹಿಡಿದರು. ಪ್ರತಿ ಇಲಿಯ ಮೂಗಿನ ಕೆಳಗೂ ಕಿವಿಯ ಸುತ್ತಲೂ ಒಣಗಿದ ರಕ್ತ.

ಪೊಲೀಸ್ ಕೆಲಸದಲ್ಲಿದ್ದಷ್ಟು ಕಾಲವೂ ಈಯಮ್ಮ ಬಾವಿಯಿಂದ ಹೆಣ ಎತ್ತಿಸಿದ್ದರು, ರೈಲು ಹಳಿಯ ಮೇಲಿನ ತುಂಡು ಆರಿಸಿದ್ದರು. ಆಗೆಲ್ಲ ಮುಖ ತಿರುಗಿಸಿರಲಿಲ್ಲ. ಇವತ್ತು ತಿರುಗಿಸಿದರು. ನಿವೃತ್ತಿಯಾಗಿ ಮನೆಯಲ್ಲಿ ಕಾಲು ಚಾಚಿ ಕೂರಬೇಕಾದ ಹೊತ್ತಿನಲ್ಲಿ ಇದೆಲ್ಲ ನೋಡುವ ಕರ್ಮ.

“ಅದು ಬೇರೆ ಪ್ರಯೋಗದ್ದು,” ಎಂದರು ಪ್ರಯೋಗಾಲಯದ ಮುಖ್ಯಸ್ಥರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಇಸ್ತ್ರಿ ಮುರಿಯದ ಬಿಳಿ ಕೋಟು, ಎಡಗೈಯಲ್ಲೊಂದು ಸಣ್ಣ ಬಾಟಲಿ. ಅದರಿಂದ ಅಂಗೈಗೆ ಎರಡು ಹನಿ ಸುರಿದುಕೊಂಡು ಕೈ ಉಜ್ಜುವುದು, ಒಣಗುವುದರೊಳಗೆ ಮತ್ತೆ ಸುರಿಯುವುದು. ಇದೇ ಕೆಲಸ.

“ಬೇರೆ ಪ್ರಯೋಗಕ್ಕೂ ಹಸಿರು ಟೇಪೇ?”

“ಟೇಪು ಟೇಪೇ ಅಲ್ವಾ ಮೇಡಂ. ಸಿಕ್ಕಿದ್ದು ಸುತ್ತಿರ್ತಾರೆ. ನೀವು ನನ್ನನ್ನ ಯಾಕೆ ಹೀಗೆ ಜಾಲಾಡ್ತಿದೀರಿ? ನನ್ನ ಪ್ರಬಂಧವನ್ನ ಇಬ್ಬರು ತಜ್ಞರು ಓದಿದಾರೆ, ಒಪ್ಪಿದಾರೆ. ತಪ್ಪಿದ್ರೆ ಅವರು ಹೇಳಬೇಕಿತ್ತು. ಅವರನ್ನ ಕೇಳಿ.”

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಕೊಂದವನು ತಾನು, ನೋಡಬೇಕಾಗಿದ್ದವರು ಮಂದಿ. ಇನ್ಸ್‌ಪೆಕ್ಟ್ರಮ್ಮನಿಗೆ ಮೈಯೆಲ್ಲ ಉರಿಯಿತು.

ಹಾಗೆ ಒಪ್ಪಿದ ಇಬ್ಬರಲ್ಲಿ ಒಬ್ಬ ಈ ಲೋಕದಲ್ಲೇ ಇಲ್ಲದ ಮನುಷ್ಯ, ಹೆಸರು ವಿಳಾಸ ಎರಡೂ ಕಟ್ಟುಕತೆ ಎಂದು ಕಳೆದ ವಾರವೇ ಬಯಲಾಗಿತ್ತು. ಇನ್ನೊಬ್ಬ ಯಾರೆಂಬುದು ಮಾತ್ರ ಇನ್ನೂ ಗುಟ್ಟು. ನಾಳೆ ಬೆಳಿಗ್ಗೆ ಆ ಪ್ರಬಂಧವನ್ನೇ ನಂಬಿ, ಆಸ್ಪತ್ರೆಯಲ್ಲಿ ಮೊಟ್ಟಮೊದಲ ರೋಗಿಯ ತಲೆಬುರುಡೆಗೆ ಸಣ್ಣ ತೂತು ಕೊರೆದು, ಮರೆವಿನ ರೋಗಕ್ಕೆಂದು ಇದೇ ಮದ್ದು ಒಳಗೆ ಬಿಡುವವರಿದ್ದರು.

ಆ ಮೊದಲ ರೋಗಿ ಇನ್ಸ್‌ಪೆಕ್ಟ್ರಮ್ಮನ ತಮ್ಮ.

ಮಿದುಳನ್ನೇ ಓದಿ, ಮಿದುಳನ್ನೇ ಪಾಠ ಹೇಳಿ ತಲೆ ನರೆಸಿಕೊಂಡ ತಮ್ಮ. ಈಗ ಅವನಿಗೇ ಮರೆವಿನ ರೋಗ. ಹೆಂಡತಿಯ ಹೆಸರು ಹೇಳುವ ಮುಂಚೆ ಒಂದು ಗಳಿಗೆ ಮುಗುಳ್ನಗುತ್ತಾನೆ, ಅಷ್ಟರಲ್ಲಿ ಹುಡುಕಿಕೊಳ್ಳುತ್ತಾನೆ. ಅಕ್ಕನ ಹೆಸರು ಮಾತ್ರ ಇನ್ನೂ ಮರೆತಿಲ್ಲ, ಯಾಕೆಂದರೆ ಅವನು ಎಂದೂ ಹೆಸರು ಹಿಡಿದು ಕರೆದವನೇ ಅಲ್ಲ.

ಚೀಲವನ್ನು ಇದ್ದಲ್ಲೇ ಇಟ್ಟು ಬಾಗಿಲು ಹಾಕಿದರು. “ಈ ಫ್ರೀಜರನ್ನ ಯಾರೂ ಮುಟ್ಟಕೂಡದು,” ಎಂದರು.

ಮೇಷ್ಟ್ರು ಮತ್ತೆರಡು ಹನಿ ಸುರಿದುಕೊಂಡರು.

*

ಹೊರಗೆ ಓಣಿಯಲ್ಲಿ ಕೆಂಪುಪೆನ್ನು ಗೋಡೆಗೆ ಒರಗಿ, ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಆಕೆ ಪತ್ರಿಕೆಯ ಪ್ರಧಾನ ಸಂಪಾದಕಿ. ಹೊಸ ಸಂಶೋಧನೆಗಳನ್ನು ತಜ್ಞರ ಕೈಯಲ್ಲಿ ಓದಿಸಿ, ಅವರು ಸೈ ಎಂದರೆ ಮಾತ್ರ ಅಚ್ಚು ಹಾಕುವ ದೊಡ್ಡ ಪತ್ರಿಕೆ. ಅದಕ್ಕಿಂತ ಹಳೆಯ ಸಂಬಂಧವೆಂದರೆ, ಇನ್ಸ್‌ಪೆಕ್ಟ್ರಮ್ಮನ ಶಾಲೆಯ ಗೆಳತಿ. ಆಗಲೂ ಇನ್ನೊಬ್ಬರ ಕಾಪಿಯಲ್ಲಿ ತಪ್ಪು ಹುಡುಕಿ ಕೆಂಪು ಗೀಟು ಎಳೆಯುತ್ತಿದ್ದಳು. ಹೆಸರು ಆಗಿನದೇ. ಪತ್ರಿಕೆಯ ಪರವಾಗಿ ತನಿಖೆ ಮಾಡು ಎಂದು ಇನ್ಸ್‌ಪೆಕ್ಟ್ರಮ್ಮನನ್ನು ಕರೆತಂದವಳೂ ಆಕೆಯೇ.

“ಆಸ್ಪತ್ರೆಗೆ ಇನ್ನೊಂದು ಸಲ ಫೋನ್ ಮಾಡಿದೆ ಕಣೇ,” ಎಂದಳು. “ಅದೇ ರಾಗ. ಪ್ರಬಂಧ ವಾಪಸ್ ತಗೊಂಡಿದೀರಾ? ಇಲ್ವಲ್ಲ. ಹಾಗಾದ್ರೆ ನಮಗೆ ಅದೇ ಆಧಾರ ಅಂತಾರೆ.”

“ವಾಪಸ್ ತಗೋ ಮತ್ತೆ! ಕೈ ಹಿಡಿದೋರು ಯಾರು?”

“ನಮ್ಮದೇ ನಿಯಮ. ಒಬ್ಬ ಪರಿಶೀಲಕ ಖೋಟಾ ಆದ್ರೂ ಇನ್ನೊಬ್ಬನ ಒಪ್ಪಿಗೆ ನಿಂತಿರುತ್ತೆ. ಎರಡನೆಯವನು ‘ನಾನು ಒಪ್ಪಿಲ್ಲ’ ಅಂತ ಒಂದು ಮಾತು ಹೇಳಲಿ, ನಿಂತ ಕಾಲಲ್ಲೇ ವಾಪಸ್ ತಗೋತೀನಿ. ಆದ್ರೆ ಅವನು ಯಾರು ಅಂತ ನನಗೇ ಗೊತ್ತಿಲ್ಲ. ಹೆಸರು ವಿಭಾಗ ಸಂಪಾದಕನಿಗೆ ಮಾತ್ರ ಗೊತ್ತಿರಬೇಕು. ನಾನು ಮುಲಾಜಿಗೆ ಬೀಳಬಾರದು ಅಂತ ನಾನೇ ಮಾಡಿಟ್ಟ ಕಟ್ಟಳೆ.”

“ಓದಿದವನು ಯಾರ ಹತ್ರಾನೂ ಬಾಯಿ ಬಿಡೋ ಹಾಗಿಲ್ವಾ?”

“ಹೆಂಡತಿ ಹತ್ರಾನೂ ಇಲ್ಲ. ಮರ್ಯಾದಸ್ಥರು ಯಾರೂ ಬಿಡೋದಿಲ್ಲ. ಆ ಎರಡನೆಯವರಿಗೆ ಮೈ ಸರಿ ಇರಲಿಲ್ವಂತೆ, ಬರೀ ಬಾಯಲ್ಲೇ ಒಪ್ಪಿಗೆ ಹೇಳಿದ್ರಂತೆ. ನಮ್ಮ ಬೆಣ್ಣೆರಾಯ ಬಂದು ಹಾಗೆ ಹೇಳಿದ, ನಾನು ನಂಬಿದೆ. ನನ್ನ ಬುದ್ಧಿಗಿಷ್ಟು!”

ಬೆಣ್ಣೆರಾಯನೆಂದರೆ ಆ ವಿಭಾಗ ಸಂಪಾದಕ. ಮಾತು ಅಷ್ಟು ನಯ. ಪ್ರಬಂಧ ತಿರಸ್ಕರಿಸಿದಾಗಲೂ ಬರೆದವರು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ಇಬ್ಬರೂ ಪ್ರಯೋಗಾಲಯದ ಮೆಟ್ಟಿಲಿಳಿದು ರಸ್ತೆ ದಾಟಿದರು. ಆ ಬದಿಗೇ ಪತ್ರಿಕೆಯ ಕಚೇರಿ. ನಡೆಯುತ್ತಲೇ ಕೆಂಪುಪೆನ್ನು ಚೀಲದಿಂದ ಒಂದು ಗಾಜಿನ ಪಟ್ಟಿ ತೆಗೆದಳು. ಮೇಷ್ಟ್ರ ಕಪಾಟಿನಿಂದ ಆಗಲೇ ಎಗರಿಸಿದ್ದಳು, ಕಳ್ಳಿ. ಗಾಜಿನ ಮೇಲೆ ಇಲಿಯ ಮಿದುಳಿನ ಒಂದು ತೆಳ್ಳನೆಯ ಪದರ, ನೇರಳೆ ಬಣ್ಣ ಹಾಕಿದ್ದು, ಹೋಳು ಮಾಡಿದ ಅಕ್ರೋಟಿನ ಹಾಗಿತ್ತು.

“ನೋಡು. ಇದರಲ್ಲಿ ಎಡ ಯಾವುದು, ಬಲ ಯಾವುದು?”

“ಎರಡೂ ಒಂದೇ ಥರ ಇದೆಯಲ್ಲೇ.”

“ಅದೇ ಕಷ್ಟ. ಪಟ್ಟಿ ಮಗುಚಿ ಹಾಕಿದ್ರೆ ಎಡ ಬಲ ಆಗಿಬಿಡುತ್ತೆ. ಅದಕ್ಕೇ ಕೊಯ್ಯೋ ಮುಂಚೆ ಇಡೀ ಮಿದುಳಿಗೆ ಒಂದು ಪಕ್ಕ ಸೂಜಿಯಿಂದ ಚುಚ್ಚಿರ್ತಾರೆ. ಇಲ್ಲಿದೆ ನೋಡು, ಸಾಸಿವೆ ಕಾಳಿನಷ್ಟು ತೂತು. ನಾನು ಕಂಡ ಪ್ರಯೋಗಾಲಯಗಳಲ್ಲೆಲ್ಲ ಎಡಕ್ಕೇ ಚುಚ್ಚೋದು. ಇವರಲ್ಲಿ ಮಾತ್ರ ಬಲಕ್ಕೆ. ಯಾಕಂದ್ರೆ ಮೇಷ್ಟ್ರು ಎಡಚ, ಅವರ ಕೈಗೆ ಆ ಕಡೆ ಸಲೀಸು. ಶಿಷ್ಯರಿಗೂ ಹಾಗೇ ರೂಢಿ ಮಾಡಿಸಿದಾರೆ.”

“ಅದಕ್ಕೇನೀಗ?”

“ಪರಿಶೀಲನೆಗೆ ಬಂದ ಚಿತ್ರದಲ್ಲಿ ಎಡ ಬಲ ಅಂತ ಎಲ್ಲೂ ಬರೆದಿರಲಿಲ್ಲ. ಅಚ್ಚಿಗೆ ಹೋಗುವಾಗ ನಾವು ಕೇಳಿ ಹಾಕಿಸಿದ್ದು. ಆದರೆ ಆ ಖೋಟಾ ಪರಿಶೀಲಕ ತನ್ನ ಅಭಿಪ್ರಾಯದಲ್ಲಿ ‘ಬಲಭಾಗದಲ್ಲಿ ನರಗಳು ಸೊಗಸಾಗಿ ಚಿಗುರಿವೆ’ ಅಂತ ಹೊಗಳಿದಾನೆ. ಚಿತ್ರದಲ್ಲಿ ಚಿಗುರು ಕಾಣೋದು ತೂತಿರೋ ಕಡೆ, ಅದನ್ನ ಬಲ ಅಂದಿದಾನೆ. ಬೇರೆ ಯಾರೇ ಓದಿದ್ರೂ ಅದನ್ನ ಎಡ ಅಂತಿದ್ರು.”

ಇನ್ಸ್‌ಪೆಕ್ಟ್ರಮ್ಮ ರಸ್ತೆಯ ನಡುವೆಯೇ ನಿಂತುಬಿಟ್ಟರು. ಹಿಂದಿನ ಕಾರಿನವನು ಹಾರನ್ ಬಾರಿಸಿ ಏನೋ ಬೈದ.

“ಅಂದ್ರೆ ಬರೆದವನು ಈ ಮೇಷ್ಟ್ರ ಕೈಕೆಳಗೇ ಪಳಗಿದವನು.”

“ಹೌದು. ಮೇಷ್ಟ್ರೇ ಇರಬಹುದು. ಇಲ್ಲ ಶಿಷ್ಯ.”

“ಬೆಣ್ಣೆರಾಯ?”

“ಛೆ, ಅವನು ಗಿಡಮರದ ಮನುಷ್ಯ ಕಣೇ. ಜನ್ಮದಲ್ಲಿ ಮಿದುಳು ಮುಟ್ಟಿಲ್ಲ ಅಂತಾನೆ. ರಕ್ತ ಕಂಡ್ರೆ ತಲೆ ಸುತ್ತುತ್ತಂತೆ.”

“ಅಂತಾನೆ,” ಎಂದರು ಇನ್ಸ್‌ಪೆಕ್ಟ್ರಮ್ಮ. “ಆ ಗಾಜು ಇಲ್ಲಿ ಕೊಡು.”

*

ಬೆಣ್ಣೆರಾಯನ ಕೋಣೆ ಕನ್ನಡಿಯ ಹಾಗೆ ಫಳಫಳ. ಕಿಟಕಿಯಲ್ಲಿ ಮೂರು ಹೂಕುಂಡ, ಮೇಜಿನ ಮೇಲೆ ಒಂದು ಬಿಳಿ ಹಾಳೆ, ಅದರ ಅಂಚಿಗೆ ಸಮನಾಗಿ ಜೋಡಿಸಿದ ಪೆನ್ಸಿಲು. ಬಾಗಿಲವರೆಗೂ ಎದ್ದು ಬಂದು ಕೈಮುಗಿದ.

“ಬನ್ನಿ ಬನ್ನಿ. ನಿಮ್ಮ ತಮ್ಮನವರ ವಿಷಯ ಕೇಳಿ ಬಹಳ ಬೇಜಾರಾಯ್ತು. ಆದ್ರೆ ಧೈರ್ಯವಾಗಿರಿ, ಈ ಮದ್ದಿನಿಂದ ಒಳ್ಳೇದಾಗುತ್ತೆ.”

“ಆಗಲಿ ಸಾರ್. ನಿಮ್ಮ ಬಾಯಿಂದ ಬಂದಿದೆ, ಆಗುತ್ತೆ.” ಇನ್ಸ್‌ಪೆಕ್ಟ್ರಮ್ಮ ಕುರ್ಚಿಯಲ್ಲಿ ಕೂತು, ದಡ್ಡಿಯ ಮುಖ ಹಾಕಿಕೊಂಡರು. ಎಷ್ಟೋ ಕಳ್ಳರು ಆ ಮುಖಕ್ಕೇ ಜಾರಿಬಿದ್ದಿದ್ದರು. “ನಾನು ಲಾಠಿ ಹಿಡಿದವಳು, ನನಗೆ ಇದೆಲ್ಲ ಕಬ್ಬಿಣದ ಕಡಲೆ. ಇದೊಂದು ಸಿಕ್ಕಿತು. ಇವಳು ಏನೇನೋ ವಿವರಿಸಿದಳು, ತಲೆಗೆ ಹೋಗಲಿಲ್ಲ.”

ಗಾಜಿನ ಪಟ್ಟಿಯನ್ನು ಬಿಳಿ ಹಾಳೆಯ ಮೇಲೆ ಇಟ್ಟರು. ತೂತು ಎಡಕ್ಕೆ ಬರುವ ಹಾಗೆ, ಅಂದರೆ ಎಲ್ಲರೂ ಇಡುವ ಹಾಗೆ. ಪಟ್ಟಿ ಹಾಳೆಯ ಮೇಲೆ ಸ್ವಲ್ಪ ಸೊಟ್ಟಗೂ ಕೂತಿತ್ತು.

ಬೆಣ್ಣೆರಾಯ ನೋಡಿದ. ಅಂಚಿಗೆ ಪೆನ್ಸಿಲು ಜೋಡಿಸುವ ಮನುಷ್ಯ, ಸೊಟ್ಟಗಿರುವುದನ್ನು ಕಂಡು ಕೈ ಕಟ್ಟಿ ಕೂರಲಾದೀತೇ? ಪಟ್ಟಿಯ ಅಂಚನ್ನು ಎರಡು ಬೆರಳಲ್ಲಿ, ಪದರಕ್ಕೆ ಬೆರಳು ತಾಗದ ಹಾಗೆ ಎತ್ತಿದ. ಕಿಟಕಿಯ ಬೆಳಕಿಗೆ ಹಿಡಿದ. ಕಣ್ಣು ಕಿರಿದು ಮಾಡಿದ. ಮತ್ತೆ ಅದನ್ನು ಮಗುಚಿ, ಹಾಳೆಯ ನಟ್ಟನಡುವೆ ನೇರವಾಗಿ ಇಟ್ಟ.

“ತಿರುವುಮುರುವು ಇಟ್ಟಿದ್ರಿ,” ಎಂದು ನಕ್ಕ.

ತೂತು ಈಗ ಬಲಕ್ಕಿತ್ತು.

ಕೆಂಪುಪೆನ್ನು ಉಸಿರು ಒಳಗೆಳೆದುಕೊಂಡದ್ದು ಕೋಣೆಗೆಲ್ಲ ಕೇಳಿಸಿತು.

“ಗಿಡಗಳಿಗೂ ಬಲಕ್ಕೇ ಚುಚ್ತಾರಾ ಸಾರ್?” ಎಂದರು ಇನ್ಸ್‌ಪೆಕ್ಟ್ರಮ್ಮ. ದಡ್ಡಿಯ ಮುಖ ಎಲ್ಲೋ ಹೋಗಿತ್ತು.

ನಗು ಅವನ ಮುಖದಲ್ಲಿ ಹಾಗೇ ಉಳಿಯಿತು, ತೆಗೆಯಲು ಮರೆತವರ ಹಾಗೆ. ಗಾಜನ್ನು ನೋಡಿದ, ತನ್ನ ಬೆರಳುಗಳನ್ನು ನೋಡಿದ. ಬಾಯಿಗೆ ಬೀಗ ಹಾಕಿಕೊಳ್ಳಬಹುದಿತ್ತು, ಆದರೆ ಕೈ ಆಗಲೇ ಎಲ್ಲ ಹೇಳಿಬಿಟ್ಟಿತ್ತು.

“ಮೇಷ್ಟ್ರ ಹತ್ರ ಎಷ್ಟು ಕಾಲ ಇದ್ದೆ?” ಬಹುವಚನ ಬಿದ್ದುಹೋಯಿತು.

“ಹಳೇ ಕತೆ. ಗಿಡಕ್ಕೆ ಬರೋ ಮುಂಚೆ.”

“ಯಾರಿಗೂ ಹೇಳಲಿಲ್ಲ ಯಾಕೆ?”

“ಯಾಕೆ ಹೇಳ್ಬೇಕು?” ಮಾತಿನ ಬೆಣ್ಣೆಯೂ ಕರಗಿತು. “ಆ ಮದ್ದು ನನ್ನದು. ಹುಡುಗನಾಗಿದ್ದಾಗ ನಾನು ಕಂಡುಹಿಡಿದದ್ದು. ಆಗ ನನ್ನನ್ನ ಹೊರಗೆ ಹಾಕಿದ್ರು, ಈಗ, ಮದ್ದು ಗೆದ್ದ ಮೇಲೆ ನಿನ್ನ ಹೆಸರೂ ಸೇರಿಸ್ತೀನಿ ಅಂತ ಮೇಷ್ಟ್ರು ತಾವಾಗಿ ಬಂದ್ರು. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತು ಮಂದಿಯ ಕೆಲಸ ಓದಿ ಓದಿ, ತಿದ್ದಿ ತಿದ್ದಿ, ಅವರು ಬಹುಮಾನ ತಗೊಳ್ಳೋದನ್ನ ನೋಡಿ ಚಪ್ಪಾಳೆ ತಟ್ಟಿದೀನಿ. ನನಗೂ ಒಂದು ಸಲ ಬೇಡ್ವಾ?”

“ಅದಕ್ಕೆ ಇಲ್ಲದವನ ಹೆಸರಲ್ಲಿ ನಿನ್ನನ್ನ ನೀನೇ ಹೊಗಳ್ಕೊಂಡೆ. ‘ಸೊಗಸಾಗಿ ಚಿಗುರಿವೆ’ ಅಂತ. ಥೂ! ನಾಚಿಕೆ ಆಗಲಿಲ್ವೇನೋ?”

“ಭಾಷೆ ಸರಿಯಾಗಿರಲಿ ಮೇಡಂ.”

“ಫ್ರೀಜರ್ ತುಂಬ ಇಲಿ ಮೂಗಲ್ಲಿ ರಕ್ತ ಕಾರಿ ಸತ್ತಿವೆ. ನೀನು ಭಾಷೆ ಅಂತೀಯ.”

“ಪ್ರಮಾಣ ಹೆಚ್ಚಾಗಿತ್ತು. ಮನುಷ್ಯರಿಗೆ ಸರಿಮಾಡಬಹುದು.”

ಸರಿಮಾಡಬಹುದಂತೆ! ಯಾರ ತಲೆಯೊಳಗೆ ಸರಿಮಾಡುವುದು? ಇನ್ಸ್‌ಪೆಕ್ಟ್ರಮ್ಮ ಮೇಜಿನ ಅಂಚು ಹಿಡಿದುಕೊಂಡರು. ಕೆನ್ನೆಗೆ ಎರಡು ಬಾರಿಸಲು ಕೈ ತುರಿಸುತ್ತಿತ್ತು. ಮೊದಲು ಹೆಸರು ಬೇಕು, ಮಿಕ್ಕದ್ದು ಆಮೇಲೆ ಎಂದು ಹಲ್ಲು ಕಚ್ಚಿದರು.

“ಎರಡನೆಯ ಪರಿಶೀಲಕ ಯಾರು?”

“ಪರಿಶೀಲಕರ ಹೆಸರು ಹೇಳೋ ಹಾಗಿಲ್ಲ. ನಿಯಮ.”

ಕೆಂಪುಪೆನ್ನು ಇದ್ದಕ್ಕಿದ್ದಂತೆ ನಕ್ಕಳು. ಕೇಳಲಾಗದ ನಗು. “ನಿಯಮ! ಇವನ ಬಾಯಲ್ಲಿ ನಿಯಮ! ಹೇಳೋ, ಆ ಪುಣ್ಯಾತ್ಮ ನಿಜವಾಗಿ ಒಪ್ಪಿದ್ರಾ?”

ಬೆಣ್ಣೆರಾಯ ಹೂಕುಂಡಗಳ ಕಡೆ ತಿರುಗಿದ. ಇನ್ನೇನು ಹೋಗುವುದಿದೆ ಎಂದುಕೊಂಡನೋ, ಇಷ್ಟು ಜಾಣತನವನ್ನು ಒಬ್ಬರಿಗಾದರೂ ಹೇಳದೆ ಇರಲಾಗಲಿಲ್ಲವೋ.

“ಒಪ್ಪಲಿಲ್ಲ. ಉದ್ದಕ್ಕೆ ಬರೆದಿದ್ರು. ಅಂಕಿಗಳು ಹೊಂದೋದಿಲ್ಲ, ಸತ್ತ ಇಲಿಗಳನ್ನ ಲೆಕ್ಕದಿಂದ ಬಿಟ್ಟಿದಾರೆ, ಈ ಮದ್ದು ಮಿದುಳಲ್ಲಿ ರಕ್ತಸ್ರಾವ ಮಾಡುತ್ತೆ, ಯಾವ ಕಾರಣಕ್ಕೂ ಮನುಷ್ಯರ ತಲೆ ಮುಟ್ಟಕೂಡದು ಅಂತ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಲ್ಲ ತೆಗೆದಿಟ್ಟಿದ್ರು. ನಾನು ಓದಿದ ಪರಿಶೀಲನೆಗಳಲ್ಲೇ ಅಂಥದ್ದು ಇನ್ನೊಂದಿಲ್ಲ.”

“ಎಲ್ಲಿದೆ ಅದು?”

“ಅಳಿಸಿದೆ.”

“ಬರೆದವರು ಸುಮ್ಮನಿದ್ರಾ?”

“ಅದಕ್ಕೇ ಹೆದರಿದ್ದೆ. ಮೊದಲು ಅವರ ಮನಸ್ಸು ತಿರುಗಿಸೋಣ ಅಂತ, ಯಾವುದೋ ಸಣ್ಣ ಸಂದೇಹ ಕೇಳಿ ಮೇಲ್ ಹಾಕಿದೆ. ಉತ್ತರ ಬಂತು.” ಬೆಣ್ಣೆರಾಯ ಒಣಗಿದ ಒಂದು ಎಲೆ ಕಿತ್ತ. “‘ಕ್ಷಮಿಸಿ, ಯಾವ ಪ್ರಬಂಧ?’ ಅಂತ.”

ಎಲೆಯನ್ನು ಕುಂಡದ ಅಂಚಿಗೆ ಸಮನಾಗಿ ಇಟ್ಟ.

“ತಮಾಷೆ ಅಂದ್ಕೊಂಡೆ. ಫೋನ್ ಮಾಡಿದೆ. ಬಹಳ ಸಜ್ಜನರು, ನಗ್ತಾ ಮಾತಾಡಿದ್ರು. ತಾವೇ ಬರೆದದ್ದು ಒಂದಕ್ಷರ ನೆನಪಿಲ್ಲ. ಆಗ ಅರ್ಥ ಆಯ್ತು. ನಮ್ಮ ಮದ್ದು ಬೇಕಾಗಿರೋದು ಅಂಥವರಿಗೇ ಅಲ್ವಾ? ಪ್ರಯೋಗಕ್ಕೆ ಹೆಸರು ಕೊಡಿ ಅಂತ ನಾನೇ ಹೇಳಿದೆ. ಮೊದಲನೆಯವರಾಗಿ ಸೇರಿಸಿಸಿದೆ. ಒಂದು ಥರದಲ್ಲಿ ಉಪಕಾರವೇ.”

ಮೊದಲನೆಯವರು. ಮೊಟ್ಟಮೊದಲ ರೋಗಿ.

ಅವನೇ. ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತು, ಏನೋ ಅದು ಎಂದು ಕೇಳಿದರೆ “ಹೇಳೋ ಹಾಗಿಲ್ಲ ಅಕ್ಕ” ಎನ್ನುತ್ತಿದ್ದ ತಮ್ಮ. ಅದು ವಿಷ ಎಂದು ಕಂಡುಹಿಡಿದ ಒಬ್ಬನೇ ಒಬ್ಬ ಮನುಷ್ಯ. ಅವನು ಮರೆತದ್ದನ್ನು ಕಂಡು, ಅದೇ ವಿಷವನ್ನು ಅವನ ತಲೆಗೆ ಹಾಕಿಸಲು ಹೊರಟವನು ಎದುರಿಗೆ ನಿಂತು ಹೂಗಿಡದ ಎಲೆ ಕೀಳುತ್ತಿದ್ದಾನೆ.

“ಥೂ ನಿನ್ನ ಜನ್ಮಕ್ಕಿಷ್ಟು,” ಎಂದಳು ಕೆಂಪುಪೆನ್ನು. “ನನ್ನ ಪತ್ರಿಕೆಯಲ್ಲಿ! ನನ್ನ ಪಕ್ಕದ ಕೋಣೆಯಲ್ಲಿ ಕೂತು! ಈಗಲೇ ಆಸ್ಪತ್ರೆಗೆ ಹೇಳ್ತೀನಿ. ನಾಳೆ ಬೆಳಿಗ್ಗೆ ಒಳಗೆ—”

“ನಾಳೆ ಅಲ್ಲ,” ಎಂದ ಬೆಣ್ಣೆರಾಯ.

“ಏನು?”

“ನೀವು ಫ್ರೀಜರ್ ತೆಗೆಸಿದ ಕೂಡಲೇ ಮೇಷ್ಟ್ರು ಫೋನ್ ಮಾಡಿದ್ರು. ಪ್ರಯೋಗದ ಉಸ್ತುವಾರಿ ಅವರದೇ ತಾನೇ. ನಾಳೆಯದನ್ನ ಇವತ್ತಿಗೇ ಹಾಕಿಸಿದಾರೆ, ರೋಗಿ ಹೇಗೂ ಅಲ್ಲೇ ಇದಾರೆ. ಇಷ್ಟು ಹೊತ್ತಿಗೆ ತಲೆ ಬೋಳಿಸಿರ್ತಾರೆ.”

ಇನ್ಸ್‌ಪೆಕ್ಟ್ರಮ್ಮ ಫೋನ್ ತೆಗೆದರು. ತಮ್ಮನ ಹೆಂಡತಿಗೆ ಮಾಡಿದರು. ಎತ್ತಲಿಲ್ಲ. ತಮ್ಮನ ನಂಬರಿಗೇ ಮಾಡಿದರು. ಪಕ್ಕದಲ್ಲಿ ಕೆಂಪುಪೆನ್ನು ತನ್ನ ಫೋನಿನಲ್ಲಿ ಆಸ್ಪತ್ರೆಯ ಯಾವನ ಮೇಲೋ ಕಿರುಚುತ್ತಿದ್ದಳು. ಆ ಕಡೆಯವನು ಲೈನಿನಲ್ಲೇ ಇರಿ ಎಂದು ಸಂಗೀತ ಹಾಕಿಬಿಟ್ಟಿದ್ದ.

“ಅಕ್ಕಾ!” ತಮ್ಮನ ಧ್ವನಿ ಹಬ್ಬದ ದಿನದ ಹಾಗಿತ್ತು. “ಗೊತ್ತಾ, ಇವತ್ತೇ ಮಾಡ್ತಾರಂತೆ. ತಲೆ ಬೋಳಾಗಿದೆ, ನೋಡಿದ್ರೆ ನಗ್ತೀಯ.”

“ಒಳಗೆ ಹೋಗಬೇಡ. ಕೇಳಿಸ್ತಾ? ಇರೋ ಜಾಗದಿಂದ ಏಳಬೇಡ. ಆ ಮದ್ದು ವಿಷ.”

“ಯಾರು ಹೇಳಿದ್ರು? ನೀನು ಪೊಲೀಸು, ನಿನಗೆ ಎಲ್ಲದರ ಮೇಲೂ ಅನುಮಾನ.” ಅವನು ನಕ್ಕ. “ನಾನು ಆ ಪ್ರಬಂಧ ಓದಿದೀನಿ ಅಕ್ಕ. ಮೊದಲ ಸಲ ಕೈಗೆ ಬಂದಾಗಲೇ ಎಷ್ಟು ಪರಿಚಯದ್ದು ಅನಿಸಿತು ಗೊತ್ತಾ? ಒಂದೊಂದು ಸಾಲೂ ಎಲ್ಲೋ ಕಂಡ ಹಾಗೆ. ಈಗ ನನಗೆ ಯಾವುದೂ ಹಾಗೆ ಅನಿಸೋದಿಲ್ವಲ್ಲ. ಅದಕ್ಕೇ ನಂಬಿಕೆ ಬಂತು, ಅದಕ್ಕೇ ಸಹಿ ಹಾಕಿದೆ.”



“ನೀನೇ ಓದಿದ್ದೆ ಕಣೋ. ಅಚ್ಚಾಗೋ ಮುಂಚೆ ಅದನ್ನ ಪರಿಶೀಲನೆ ಮಾಡಿದ್ದು ನೀನು. ಇದು ಕೊಲ್ಲುತ್ತೆ, ಯಾರ ತಲೆಗೂ ಹಾಕಬೇಡಿ ಅಂತ ಬರೆದವನು ನೀನೇ.”

“ನಾನಾ...” ಎಂದು ತಮ್ಮ ರಾಗ ಎಳೆದ. ಅವನು ಹುಡುಕುತ್ತಿದ್ದಾನೆ ಎಂದು ಅಕ್ಕನಿಗೆ ಗೊತ್ತಾಯಿತು. ಹುಡುಕಲಿ, ದೇವರೇ, ಇದೊಂದು ಸಲ ಸಿಗಲಿ.

“ಸಾರ್, ಕರೀತಿದಾರೆ. ಫೋನ್ ಇಲ್ಲಿ ಕೊಡಿ,” ಎಂದಿತು ಹಿಂದೆ ಒಂದು ಹೆಣ್ಣುಧ್ವನಿ. ಗಾಲಿಗಳು ಕಿರುಗುಟ್ಟಿದವು.

“ಅಕ್ಕಾ,” ಎಂದ ತಮ್ಮ, ಮಗುವಿಗೆ ಸಮಾಧಾನ ಹೇಳುವವನ ಹಾಗೆ, “ಅಂಥದ್ದು ನಾನು ಬರೆದಿದ್ರೆ ನನಗೆ ನೆನಪಿರ್ತಿರಲಿಲ್ವಾ?”

ಫೋನ್ ಕಟ್ಟಾಯಿತು.